ಮರ ಕಡಿಸಿದ್ರೆ ನಿಮ್ಮ ಬಾಲ್ಕನಿ ಕ್ಲೀನ್ ಆಗಲ್ಲ ಮೇಡಂ

ಪ್ರಶ್ನೆ: ಸರ್, ನಾವು ಬನಶಂಕರಿ ಮೂರನೇ ಸ್ಟೇಜಲ್ಲಿರೋದು, ಸ್ವಂತ ಮನೆ, ಕೆಳಗೆ ಅತ್ತೆ ಮಾವ, ಮೇಲೆ ನಾವು. ಯುಗಾದಿಗೆ ಪೇಂಟ್ ಹೊಡೆಸಿದ್ವಿ. ಈಗ ಬಾಲ್ಕನಿ ಗೋಡೆ ಪೂರ್ತಿ ನೇರಳೆ-ಕಪ್ಪು ಕಲೆ, ಬೆಳಗ್ಗೆ ಬಾಗಿಲು ತೆಗೆದ್ರೆ ನೆಲದ ತುಂಬ ಅರ್ಧ ತಿಂದ ಹಣ್ಣು, ಬೀಜ, ಯಾರೋ ಜಗಿದು ಉಗಿದಂಗಿರೋ ಉಂಡೆಗಳು. ರಸ್ತೆ ಕೊನೇಲಿ ಒಂದು ದೊಡ್ಡ ಮಳೆಮರ ಇದೆ, ಅದರಲ್ಲಿ ಬಾವಲಿಗಳು ನೂರಾರು ನೇತಾಡ್ತಿರ್ತವೆ, ಅವೇ ಬಂದು ಹೀಗೆ ಮಾಡ್ತಿರೋದು. ನನ್ನ ಮಗನಿಗೆ ಒಂದೂವರೆ ವರ್ಷ, ಹೋದ ವಾರ ಅಲ್ಲಿ ಬಿದ್ದಿದ್ದ ಹಣ್ಣು ಎತ್ತಿ ಬಾಯಿಗಿಟ್ಕೊಂಡುಬಿಟ್ಟ, ಅವತ್ತಿಂದ ನಂಗೆ ನಿದ್ದೆ ಇಲ್ಲ, ವಾಟ್ಸಾಪಲ್ಲಿ ಬರೀ ನಿಪಾ ನಿಪಾ ಅಂತ ಬರ್ತಿದೆ. ಇದರ ಮಧ್ಯೆ ಹೆಬ್ಬೆರಳಷ್ಟು ಮೈಯಿರೋ ಒಂದು ಪುಟ್ಟ ಬಾವಲಿ ರಾತ್ರಿ ರೂಮೊಳಗೇ ಬಂದು ಸುತ್ತು ಹೊಡೀತು, ಅತ್ತೆ ಅಪಶಕುನ ಅಂತಿದ್ದಾರೆ, ಶಾಂತಿ ಮಾಡಿಸ್ಬೇಕಂತೆ. ಬೀದಿಯವರೆಲ್ಲ ಸೇರಿ ಮರ ಕಡಿಸೋಕೆ ಲೆಟರ್ ರೆಡಿ ಮಾಡಿದ್ದಾರೆ, ನನ್ನ ಸೈನ್ ಒಂದು ಬಾಕಿ. ಮಾಡ್ಲಾ ಬೇಡ್ವಾ? ಗೋಡೆಗೆ ಮತ್ತೆ ಯಾವ ಪೇಂಟ್ ಹೊಡೆಸ್ಬೇಕು? ಫೋಟೋ ಕಳಿಸಿದ್ದೀನಿ.

ಉತ್ತರ: ಮೊದಲು ಮಗು ವಿಷಯ, ಯಾಕಂದ್ರೆ ನೀವು ಮರದ ಬಗ್ಗೆ ಕೇಳಿದ್ರೂ ನಿಮ್ಮ ನಿದ್ದೆ ಕೆಟ್ಟಿರೋದು ಅದಕ್ಕೇ. ನಿಪಾ ಸೋಂಕು ತಗುಲಿದ್ರೆ ಸಾಮಾನ್ಯವಾಗಿ 4ರಿಂದ 14 ದಿನದೊಳಗೆ ಜ್ವರ, ತಲೆನೋವು, ವಾಂತಿ ಹೀಗೆ ಶುರುವಾಗುತ್ತೆ, ಅಪರೂಪಕ್ಕೆ ಇನ್ನೂ ತಡ ಆಗೋದೂ ಇದೆ. ಬೆಂಗಳೂರಲ್ಲಿ ಬಾಲ್ಕನೀಲಿ ಬಿದ್ದ ಒಂದು ಹಣ್ಣಿಂದ ಅದು ಬರೋ ಸಾಧ್ಯತೆ ತೀರಾ ತೀರಾ ಕಮ್ಮಿ. ಎರಡು ಮೂರು ವಾರ ಮಗು ಕಡೆ ಸ್ವಲ್ಪ ಗಮನ ಇಡಿ. ಜ್ವರ ಬಂದ್ರೆ ನಿಮ್ಮ ಮಕ್ಕಳ ಡಾಕ್ಟರಿಗೆ "ಹಿಂಗಿಂಗೆ ಬಾವಲಿ ಕಚ್ಚಿದ ಹಣ್ಣು ಬಾಯಿಗೆ ಹಾಕಿದ್ದ" ಅಂತ ಒಂದು ಮಾತು ಹೇಳಿ, ಅಷ್ಟು ಸಾಕು. ಈ ವಯಸ್ಸಿನ ಮಕ್ಕಳಿಗೆ ಈ ಸೀಸನ್‌ನಲ್ಲಿ ಜ್ವರ ಬರೋದು ಮಾಮೂಲಿ, ಬಂದ ತಕ್ಷಣ ನಿಪಾನೇ ಅಂದ್ಕೋಬೇಡಿ. ವಾಟ್ಸಾಪ್ ಗ್ರೂಪ್ ಮ್ಯೂಟ್ ಮಾಡಿ.

ಈಗ ಫೋಟೋ. ದೊಡ್ಡದು ಮಾಡಿ ನೋಡಿದೆ. ನಿಮ್ಮ ಬಾಲ್ಕನಿ ಸೀಲಿಂಗಲ್ಲಿ ಉಯ್ಯಾಲೆ ಕೊಕ್ಕೆ ಇದೆಯಲ್ಲ, ಅದರ ಸುತ್ತ ಒಂದು ಜಿಡ್ಡು ಜಿಡ್ಡಾದ ಕಪ್ಪು ಉಂಗುರ ಕಾಣ್ತಿದೆ, ಅಲ್ಲಿಂದ ಪಕ್ಕದ ಗೋಡೆಗೆ ಬೀಸಣಿಗೆ ಆಕಾರದಲ್ಲಿ ಎರಚಿದಂಗೆ ಕಲೆ, ಸರಿಯಾಗಿ ಕೆಳಗೆ ನೆಲದ ಮೇಲೆ ಕಸ. ಆ ಕಸದಲ್ಲಿ ಉದ್ದುದ್ದ ಕಂದು ಬೀಜ ಇರೋದು ಅಶೋಕ ಮರದ್ದು, ಅದೇ ಕಾಂಪೌಂಡ್ ಪಕ್ಕ ಕಂಬದ ತರ ನೆಟ್ಟಗೆ ಬೆಳೆಯುತ್ತಲ್ಲ ಅದು. ನೇರಳೆ ಬೀಜಗಳಿವೆ, ನಿಮ್ಮ ನೇರಳೆ ಬಣ್ಣದ ಮೂಲ ಅದೇ. ಗಸಗಸೆ ಮರದ ಕೆಂಪು ಹಣ್ಣಿನ ಸಿಪ್ಪೆನೂ ಇದೆ. ಉಗಿದಂಗಿರೋ ಉಂಡೆ ಅಂದ್ರಲ್ಲ, ಅದು ಉಗಿದಿದ್ದೇ, ನಾವು ಕಬ್ಬು ಜಗಿದು ರಸ ಹೀರಿ ಹಿಪ್ಪೆ ಉಗಿಯೋ ತರ ಈ ಪ್ರಾಣಿ ಹಣ್ಣನ್ನ ಅಂಗುಳಕ್ಕೆ ಒತ್ತಿ ರಸ ಕುಡಿದು ನಾರು ಆಚೆ ಹಾಕುತ್ತೆ.

ಇದು ಆ ಮಳೆಮರದ ಬಾವಲಿ ಕೆಲಸ ಅಲ್ಲ. ಅಲ್ಲಿರೋದು ದೊಡ್ಡ ಹಣ್ಣುಬಾವಲಿ, ರೆಕ್ಕೆ ಬಿಚ್ಚಿದ್ರೆ ಒಂದು ಮೀಟರ್‌ಗಿಂತ ಜಾಸ್ತಿ, ತೂಕ ಒಂದು ಕೇಜಿ ದಾಟೋದೂ ಉಂಟು, ಅದು ನಿಮ್ಮ ಬಾಲ್ಕನಿಯೊಳಗೆ ಬಂದು ತಿರುಗಿ ಕೊಕ್ಕೆಗೆ ನೇತುಹಾಕ್ಕೊಳ್ಳೋಕೆ ಜಾಗಾನೇ ಸಾಲಲ್ಲ. ಸಂಜೆ ಆದ್ರೆ ಅವು ಸಾಲಾಗಿ ಎದ್ದು ಎಷ್ಟೋ ಕಿಲೋಮೀಟರ್ ದೂರ ಹೋಗ್ತವೆ, ಹಣ್ಣಿನ ಮರದಲ್ಲೇ ಕೂತು ಕಿತ್ತಾಡ್ಕೊಂಡು ತಿಂತವೆ. ನಿಮ್ಮ ಮನೆಗೆ ಬರ್ತಿರೋದು ಗಿಡ್ಡಮೂತಿಯ ಸಣ್ಣ ಹಣ್ಣುಬಾವಲಿ, ಐವತ್ತು ಗ್ರಾಂ ಆಸುಪಾಸಿನ ಪ್ರಾಣಿ, ಹಗಲೊತ್ತು ಅಶೋಕ ಮರದ ಇಳಿಬಿದ್ದ ಎಲೆಗಳ ಒಳಗೋ ತಾಳೆ ಜಾತಿ ಗರಿಗಳ ಅಡಿಯಲ್ಲೋ ನಾಲ್ಕಾರು ಸೇರಿ ಮುದುಡ್ಕೊಂಡಿರುತ್ತೆ, ನೀವು ದಿನಾ ಅದರ ಕೆಳಗೇ ಓಡಾಡಿದ್ರೂ ಗೊತ್ತಾಗಲ್ಲ. ಇದರ ಅಭ್ಯಾಸ ಏನಂದ್ರೆ ಹಣ್ಣಿನ ಮರದಲ್ಲಿ ಕೂತು ತಿನ್ನಲ್ಲ, ಅಲ್ಲಿ ಗೂಬೆ ಭಯ, ಬೇರೆ ಬಾವಲಿಗಳ ಕಾಟ, ಅದಕ್ಕೆ ಒಂದು ಹಣ್ಣು ಕಚ್ಕೊಂಡು ಹತ್ತಿರದ ಸೇಫ್ ಜಾಗಕ್ಕೆ ಹಾರಿ ಅಲ್ಲಿ ಆರಾಮಾಗಿ ತಿಂದು ಮತ್ತೆ ಇನ್ನೊಂದು ತರೋಕೆ ಹೋಗುತ್ತೆ, ರಾತ್ರಿ ಪೂರ್ತಿ ಇದೇ ಟ್ರಿಪ್ಪು. ಕತ್ತಲೆ, ಮೇಲೆ ಸೂರು, ಕಾಲಿಗೆ ಸಿಗೋ ಒಂದು ಕೊಕ್ಕೆ, ಹತ್ತಿರದಲ್ಲೇ ನೇರಳೆ, ಅಶೋಕ, ಗಸಗಸೆ ಮರ. ತಿಂದಿದ್ದು ಅರ್ಧ ಗಂಟೆಯೊಳಗೆ ಹೊರಗೂ ಬಂದುಬಿಡುತ್ತೆ, ಅದಕ್ಕೇ ಗೋಡೆ ಆ ಗತಿ.

ರೂಮಿಗೆ ಬಂದ ಪುಟ್ಟದ್ದು ಮೂರನೇ ಜಾತಿ. ಹೆಬ್ಬೆರಳಷ್ಟು ಮೈ ಅಂತ ಬರೆದಿದ್ದೀರ, ಅದು ಹುಳ ತಿನ್ನೋ ಬಾವಲಿ, ರೋಲಿಂಗ್ ಶಟರ್ ಡಬ್ಬದ ಒಳಗೆ, ಎಸಿ ಪೈಪಿನ ಸಂದಿ, ಹಳೇ ಕಿಟಕಿ ಚೌಕಟ್ಟಿನ ಬಿರುಕಲ್ಲಿ ಇರುತ್ತೆ. ಸೊಳ್ಳೆ, ಪತಂಗ ಅಟ್ಟಿಸ್ಕೊಂಡು ಟ್ಯೂಬ್‌ಲೈಟ್ ಹತ್ತಿರ ಬಂದು ಒಳಗೆ ಸೇರ್ಕೊಂಡಿದೆ ಅಷ್ಟೇ. ಅಂದ್ರೆ ನಿಮ್ಮ ಒಂದು ಪತ್ರದಲ್ಲಿ ಮೂರು ಬೇರೆ ಬೇರೆ ಪ್ರಾಣಿ ಇವೆ, ಲೆಟರಲ್ಲಿ ಮಾತ್ರ ಮೂರರ ತಪ್ಪೂ ಆ ಒಂದು ಮರದ ಮೇಲೆ ಬಿದ್ದಿದೆ.

ನಿಪಾ ಬಗ್ಗೆ ನಾನು "ಏನೂ ಇಲ್ಲ ಬಿಡಿ" ಅನ್ನಲ್ಲ, ಅದು ಸುಳ್ಳಾಗುತ್ತೆ. ಆ ವೈರಸ್ ಇರೋದು ಮುಖ್ಯವಾಗಿ ದೊಡ್ಡ ಹಣ್ಣುಬಾವಲಿಗಳಲ್ಲಿ, ನಮ್ಮ ಕರ್ನಾಟಕ ಸೇರಿ ದೇಶದ ಹಲವು ರಾಜ್ಯಗಳ ಬಾವಲಿಗಳ ರಕ್ತದಲ್ಲಿ ಅದಕ್ಕೆ ಪ್ರತಿಕಾಯ ಸಿಕ್ಕಿದೆ. ಆದ್ರೆ ಪ್ರತಿಕಾಯ ಸಿಕ್ಕಿದೆ ಅಂದ್ರೆ ಯಾವಾಗಲೋ ಸೋಂಕು ತಗುಲಿತ್ತು ಅಂತ ಅರ್ಥ, ಇವತ್ತು ಆ ಮರದಿಂದ ವೈರಸ್ ಉದುರ್ತಿದೆ ಅಂತಲ್ಲ. ಬಾವಲಿ ಅದನ್ನ ಆಗೊಮ್ಮೆ ಈಗೊಮ್ಮೆ, ಸ್ವಲ್ಪ ದಿನ ಮಾತ್ರ ಹೊರಗೆ ಹಾಕುತ್ತೆ. ಮನುಷ್ಯನಿಗೆ ದಾಟೋಕೆ ಒಂದು ಸರಿಯಾದ ದಾರಿ ಬೇಕು. ಬಾಂಗ್ಲಾದೇಶದಲ್ಲಿ ಆ ದಾರಿ ಹಸಿ ಖರ್ಜೂರದ ರಸ, ರಾತ್ರಿ ಮರಕ್ಕೆ ಮಡಕೆ ಕಟ್ತಾರೆ, ಬಾವಲಿ ಬಂದು ನೆಕ್ಕಿ ಉಚ್ಚೆ ಹುಯ್ಯುತ್ತೆ, ಬೆಳಗ್ಗೆ ಕಾಯಿಸದೆ ಕುಡೀತಾರೆ. 2018ರಲ್ಲಿ ಕೇರಳದ ಕೋಯಿಕ್ಕೋಡ್ ಕಡೆ ನಿಪಾದಿಂದ 17 ಜನ ತೀರಿಕೊಂಡ್ರಲ್ಲ, ಅಲ್ಲಿ ಮೊದಲನೆಯವರನ್ನ ಬಿಟ್ರೆ ಮಿಕ್ಕವರಿಗೆ ಬಂದಿದ್ದು ರೋಗಿಗಳಿಂದ, ಹೆಚ್ಚಿನದು ಆಸ್ಪತ್ರೆ ಕಾರಿಡಾರು ವಾರ್ಡುಗಳಲ್ಲಿ. ಆಗ ಇನ್ನೊಂದು ತಮಾಷೆ ಅಲ್ಲದ ತಮಾಷೆ ಆಯ್ತು, ಮೊದಲು ಆ ಮೊದಲ ರೋಗಿಯ ಮನೆಯವರ ಬಾವಿಯಲ್ಲಿದ್ದ ಬಾವಲಿ ಹಿಡಿದು ಟೆಸ್ಟ್ ಮಾಡಿದ್ರು, ನೆಗೆಟಿವ್ ಬಂತು, ಯಾಕಂದ್ರೆ ಅವು ಹುಳ ತಿನ್ನೋ ಜಾತಿ, ಆಮೇಲೆ ಹಣ್ಣುಬಾವಲಿ ಹಿಡಿದಾಗ ವೈರಸ್ ಸಿಕ್ತು. ಜಾತಿ ಯಾವುದು ಅಂತ ನಾನು ಇಷ್ಟು ತಲೆ ತಿಂತಿರೋದು ಇದಕ್ಕೇ. 2024ರ ಸೆಪ್ಟೆಂಬರಲ್ಲಿ ಮಲಪ್ಪುರಂನಲ್ಲಿ ತೀರಿಕೊಂಡ ಹುಡುಗ ಬೆಂಗಳೂರಲ್ಲಿ ಓದ್ತಿದ್ದ ಅನ್ನೋ ಕಾರಣಕ್ಕೆ ಇಲ್ಲೂ ಗಾಬರಿ ಹಬ್ಬಿತು, ಆದ್ರೆ ಅವನು ಊರಿಗೆ ಹೋಗಿದ್ದಾಗ ಕಾಯಿಲೆ ಬಿದ್ದಿದ್ದು.

ಹಾಗಾಗಿ ಮನೇಲಿ ಮಾಡಬೇಕಾದ್ದು ಸಿಂಪಲ್ಲು. ಕಚ್ಚಿದ ಹಣ್ಣು ಯಾರೂ ತಿನ್ನಬಾರದು, ಅದು ಪಕ್ಕದ ಮನೆ ಸೀಬೆಹಣ್ಣೇ ಆಗಿರ್ಲಿ, "ಅಳಿಲು ಕಚ್ಚಿದ್ದು ಸಿಹಿ ಇರುತ್ತೆ" ಅಂತ ಹಿರಿಯರು ಕೊಟ್ರೂ ಬೇಡ. ಅಂಗಡಿ ಹಣ್ಣು ಚೆನ್ನಾಗಿ ತೊಳೆದು ತಿನ್ನಿ. ಟೆರೇಸ್ ಮೇಲಿನ ಸಿಂಟೆಕ್ಸ್ ಮುಚ್ಚಳ ಸರಿಯಾಗಿ ಕೂತಿದೆಯಾ ನೋಡಿ, ಬೆಂಗಳೂರಲ್ಲಿ ಅರ್ಧಕ್ಕರ್ಧ ಟ್ಯಾಂಕಿಗೆ ಮುಚ್ಚಳ ಹೆಸರಿಗಷ್ಟೇ, ಮೇಲೊಂದು ಇಟ್ಟಿಗೆ ಇಟ್ಟಿರ್ತಾರೆ. ಮಗು ಬೆಳಗ್ಗೆ ಬಾಲ್ಕನಿಗೆ ಹೋಗೋ ಮುಂಚೆ ನೆಲ ತೊಳೆದಿರಲಿ.

ತೊಳೆಯೋದು ಹೇಗೆ ಅನ್ನೋದೂ ಮುಖ್ಯ. ಕೆಲಸದವರು ಬಂದು ಒಣ ಪೊರಕೇಲಿ ಸರ್ರಂತ ಗುಡಿಸ್ತಾರಲ್ಲ, ಅದು ಬೇಡ. ಒಣಗಿದ ಹಿಕ್ಕೆ ಪುಡಿಯಾಗಿ ಗಾಳೀಲಿ ಎದ್ರೆ ಅದರಲ್ಲಿರಬಹುದಾದ ಒಂದು ಜಾತಿ ಶಿಲೀಂಧ್ರ ಶ್ವಾಸಕೋಶಕ್ಕೆ ಹೋಗೋ ಅಪಾಯ ಇದೆ, ಪಾಳು ಕಟ್ಟಡಗಳಲ್ಲಿ ರಾಶಿ ಬಿದ್ದ ಕಡೆ ಅದು ಜಾಸ್ತಿ, ನಿಮ್ಮ ಬಾಲ್ಕನೀಲಿ ಕಮ್ಮಿ, ಆದ್ರೂ ಅಭ್ಯಾಸ ಒಳ್ಳೇದು. ಮಾಸ್ಕ್, ಕೈಗೆ ಗ್ಲೌಸ್ ಹಾಕಿ, ಬ್ಲೀಚಿಂಗ್ ಪೌಡರ್ ಕಲಸಿದ ನೀರು ಚಿಮುಕಿಸಿ ಹತ್ತು ನಿಮಿಷ ನೆನೆಯೋಕೆ ಬಿಟ್ಟು ಒದ್ದೆ ಬಟ್ಟೇಲಿ ಬಳಿದು ತೆಗೀರಿ. ಕೆಲಸದವರ ಕೈಗೂ ಗ್ಲೌಸ್ ಕೊಡಿ.

ಇನ್ನು ಓಡಿಸೋ ದಾರಿಗಳು. ಜನ ಮೊದಲು ತರೋದು ನುಸಿಗುಳಿಗೆ, ಸೀಲಿಂಗಿಗೆ ಬಟ್ಟೇಲಿ ಗಂಟು ಕಟ್ಟಿ ನೇತುಹಾಕ್ತಾರೆ. ತೆರೆದ ಬಾಲ್ಕನೀಲಿ ಆ ವಾಸನೆ ನಿಲ್ಲೋದೇ ಇಲ್ಲ, ಒಂದೂವರೆ ವರ್ಷದ ಮಗು ಇರೋ ಮನೇಲಿ ನೆಲಕ್ಕೆ ಬಿದ್ದ ಗುಳಿಗೆ ಬಾವಲಿಗಿಂತ ದೊಡ್ಡ ಅಪಾಯ. ಆನ್‌ಲೈನಲ್ಲಿ ಸಿಗೋ ಅಲ್ಟ್ರಾಸೌಂಡ್ ಮೆಷಿನ್ ದಂಡ, ಈ ಹಣ್ಣುಬಾವಲಿ ಓಡಾಡೋದು ಕಣ್ಣು ಮೂಗು ನಂಬ್ಕೊಂಡು, ಬಾವಲಿ ಕುರುಡು ಅನ್ನೋ ಮಾತಿಗೆ ಅರ್ಥಾನೇ ಇಲ್ಲ, ಶಬ್ದ ಬಿಟ್ಟು ಪ್ರತಿಧ್ವನಿ ಕೇಳಿ ಹಾರೋದು ಆ ಹುಳ ತಿನ್ನೋ ಪುಟ್ಟದ್ದು. ಹಳೇ ಸಿಡಿ ನೇತುಹಾಕೋದು ಎರಡು ದಿನದ ಸಂಭ್ರಮ.

ನನ್ನ ಅನುಭವದಲ್ಲಿ ಜಾಸ್ತಿ ಸಲ ಕೆಲಸ ಮಾಡಿರೋದು ಬೆಳಕು. ಆ ಕೊಕ್ಕೆ ಹತ್ತಿರಕ್ಕೇ ನೇರವಾಗಿ ಬೀಳೋ ಹಾಗೆ ಒಂದು ಬಿಳಿ ಎಲ್‌ಇಡಿ ಬಲ್ಬು ಹಾಕಿ ಕತ್ತಲಾದಾಗಿಂದ ಬೆಳಗಿನ ಜಾವದವರೆಗೆ ಎರಡು ವಾರ ಬಿಡದೆ ಉರಿಸಿ, ಮಧ್ಯ ಒಂದು ರಾತ್ರಿ ಆಫ್ ಮಾಡಿದ್ರೆ ಮತ್ತೆ ಮೊದಲಿಂದ ಅಂತ ತಿಳ್ಕೊಳಿ. ಜೊತೆಗೆ ಕೊಕ್ಕೆನ ತೆಗೆಸಿ, ತೆಗೆಯೋಕಾಗಲ್ಲ ಅಂದ್ರೆ ನುಣುಪಾದ ಪ್ಲಾಸ್ಟಿಕ್ ಪೈಪಿನ ತುಂಡು ತೊಡಿಸಿ, ಬಟ್ಟೆ ಒಣಹಾಕೋ ಹಗ್ಗ ರಾಟೆ ಇದ್ರೆ ರಾತ್ರಿ ಬಿಚ್ಚಿಡಿ, ಕಾಲಿಗೆ ಹಿಡಿತ ಸಿಗದಿದ್ರೆ ಅದಕ್ಕೆ ಈ ಜಾಗದ ಮೇಲೆ ಆಸೆ ಹೋಗುತ್ತೆ. ಇದರ ತೊಂದರೆನೂ ಹೇಳ್ಬಿಡ್ತೀನಿ, ನಿಮ್ಮ ಬೆಡ್‌ರೂಮಿಗೆ ಬೆಳಕು ಹೊಡೆಯುತ್ತೆ, ಲೈಟಿಗೆ ಹುಳ ಬರುತ್ತೆ, ಮತ್ತೆ ನಿಮ್ಮಲ್ಲಿಂದ ಎದ್ದ ಬಾವಲಿ ಎದುರು ಮನೆ ಪೋರ್ಟಿಕೋಗೆ ಹೋಗೋ ಸಾಧ್ಯತೆ ಚೆನ್ನಾಗಿದೆ. ಎದುರು ಮನೆಯವರ ಜೊತೆ ನಿಮ್ಮ ಸಂಬಂಧ ಹೆಂಗಿದೆ ನಂಗೊತ್ತಿಲ್ಲ.

ನೆಟ್ ಹಾಕಿಸೋದು ಇನ್ನೊಂದು ದಾರಿ, ಪಾರಿವಾಳಕ್ಕೆ ಅಂತ ಎಲ್ಲಾ ಅಪಾರ್ಟ್‌ಮೆಂಟಲ್ಲೂ ಹಾಕ್ತಾರಲ್ಲ ಅದೇ, ಆದ್ರೆ ಹಾಕೋ ರೀತಿ ಸರಿ ಇರ್ಬೇಕು. ಜೋತುಬಿದ್ದ ನೈಲಾನ್ ನೆಟ್ಟಲ್ಲಿ ಸಿಕ್ಕಾಕ್ಕೊಂಡ ಬಾವಲಿ ರೆಕ್ಕೆ ಹರ್ಕೊಂಡು ಎರಡು ದಿನ ಒದ್ದಾಡಿ ಸಾಯುತ್ತೆ, ಅಂಥವು ಚಿಕಿತ್ಸೆಗೆ ಅಂತ ನಮ್ಮ ಟೇಬಲ್ಲಿಗೆ ಬರ್ತಾನೇ ಇರ್ತವೆ, ರೆಕ್ಕೆ ಪೊರೆ ಹರಿದಿದ್ದನ್ನ ನೋಡೋಕೂ ಆಗಲ್ಲ. ಸಣ್ಣ ಕಣ್ಣಿನ ನೆಟ್ಟು, ನಾಲ್ಕೂ ಕಡೆ ಬಿಗಿಯಾಗಿ, ಮೂಲೇಲಿ ಸಂದಿ ಇಲ್ಲದಂಗೆ ಹಾಕಿಸಿ. ಹಾಕೋಕೆ ಬಂದ ಹುಡುಗರು ಮೂರು ಕಡೆ ಬಿಗಿದು ಒಂದು ಕಡೆ ಹಾಗೇ ಕಟ್ಟಿ ಹೋಗ್ತಾರೆ, ನಿಂತು ನೋಡಿ. ಏನೂ ಮಾಡದೆ ಕಾಯೋದೂ ಒಂದು ದಾರಿನೇ, ನೇರಳೆ ಮುಗೀತು, ಅಶೋಕದ ಹಣ್ಣು ಶ್ರಾವಣ ಕಳೆಯೋ ಹೊತ್ತಿಗೆ ಮುಗಿಯುತ್ತೆ, ಆಗ ಕಾಟ ತಾನಾಗೇ ಇಳಿಯುತ್ತೆ. ಪೂರ್ತಿ ನಿಲ್ಲುತ್ತೆ ಅನ್ನಲ್ಲ, ಗಸಗಸೆ ಮರ ವರ್ಷವಿಡೀ ಹಣ್ಣು ಬಿಡುತ್ತೆ.

ಈಗ ಲೆಟರಿಗೆ ಬರೋಣ. ನನ್ನನ್ನ ಕೇಳಿದ್ರೆ ಸೈನ್ ಹಾಕ್ಬೇಡಿ, ಕಾರಣ ಬಾವಲಿ ಮೇಲಿನ ಪ್ರೀತಿ ಒಂದೇ ಅಲ್ಲ. ಮರ ಹೋದ್ರೆ ಮಳೆಮರದ ಗುಂಪು ಚದುರಿ ನಿಮ್ಮ ಏರಿಯಾದ ಇನ್ನೂ ನಾಲ್ಕು ಮರಕ್ಕೆ ಹೋಗಿ ಕೂರುತ್ತೆ, ನಿಮ್ಮ ಬಾಲ್ಕನಿಯ ಸಣ್ಣ ಬಾವಲಿಗೆ ಇದು ಗೊತ್ತೂ ಆಗಲ್ಲ, ಗೋಡೆ ಹಾಗೇ ಇರುತ್ತೆ. ನಿಪಾ ಭಯಕ್ಕೆ ಕಡೀತೀವಿ ಅನ್ನೋರಿಗೆ ಇನ್ನೊಂದು ವಿಷಯ ಹೇಳಿ, ಆಸ್ಟ್ರೇಲಿಯಾದಲ್ಲಿ ನಿಪಾದ ಹತ್ತಿರದ ನೆಂಟ ಹೆಂಡ್ರಾ ಅಂತ ಒಂದು ವೈರಸ್ ಇದೆ, ಬಾವಲಿಯಿಂದ ಕುದುರೆಗೆ, ಕುದುರೆಯಿಂದ ಮನುಷ್ಯರಿಗೆ ಬರೋದು, ಅಲ್ಲಿ ವರ್ಷಗಟ್ಟಲೆ ನೋಡಿದಾಗ ಕಂಡಿದ್ದೇನಂದ್ರೆ ಬಾವಲಿಗಳ ಕಾಡು ಹೋಗಿ, ಹೂವು ಸಿಗದೆ, ಸಣ್ಣ ಸಣ್ಣ ಗುಂಪಾಗಿ ಊರ ಹತ್ತಿರ ಸೇರ್ಕೊಂಡ ವರ್ಷಗಳಲ್ಲೇ ವೈರಸ್ ದಾಟಿದ್ದು ಜಾಸ್ತಿ. ಹಸಿದು ಬೆದರಿದ ಬಾವಲಿ ವೈರಸ್ ಜಾಸ್ತಿ ಹೊರಗೆ ಹಾಕುತ್ತೆ. ಪಟಾಕಿ ಹೊಡೆಯೋದು, ಹೊಗೆ ಹಾಕೋದಕ್ಕೂ ಇದೇ ಮಾತು. ಜೊತೆಗೆ ಬೇಸಿಗೇಲಿ ಹುಟ್ಟಿದ ಮರಿಗಳು ಇನ್ನೂ ಅಮ್ಮನ ಹಿಂದೆ ಇರ್ತವೆ, ವರ್ಷಕ್ಕೆ ಒಂದೇ ಮರಿ ಹಾಕೋ ಪ್ರಾಣಿ ಅದು, ಗಲಾಟೆ ಮಾಡಿದ್ರೆ ಮರಿಗಳು ರಸ್ತೆಗೆ ಬೀಳ್ತವೆ, ಆಗ ಮುಟ್ಟಬಾರದ್ದನ್ನ ಮಕ್ಕಳು ಮುಟ್ಟೋಕೆ ಹೋಗ್ತಾರೆ.

ಕಾನೂನು ಕೂಡ ನಿಮ್ಮ ಬೀದಿಯವರು ಅಂದ್ಕೊಂಡಷ್ಟು ಸಲೀಸಿಲ್ಲ. ಕರ್ನಾಟಕದಲ್ಲಿ 1976ರ ಮರಗಳ ಸಂರಕ್ಷಣಾ ಕಾಯ್ದೆ ಇದೆ, ಮರ ಅಧಿಕಾರಿ ಅನುಮತಿ ಇಲ್ಲದೆ ಕಡಿಯೋ ಹಾಗಿಲ್ಲ. ಬಾವಲಿ ಬಗ್ಗೆ ಹೇಳೋದಾದ್ರೆ, ಹಿಂದೆ ವನ್ಯಜೀವಿ ಕಾಯ್ದೇಲಿ ಹಣ್ಣುಬಾವಲಿನ ಕಾಗೆ, ಇಲಿ ಜೊತೆ ಸೇರಿಸಿ ಪೀಡೆ ಪ್ರಾಣಿ ಅಂತ ಪಟ್ಟಿ ಮಾಡಿದ್ರು, ಯಾರು ಏನು ಬೇಕಾದ್ರೂ ಮಾಡಬಹುದಿತ್ತು, 2022ರ ತಿದ್ದುಪಡೀಲಿ ಆ ಪಟ್ಟಿನೇ ತೆಗೆದುಹಾಕಿದ್ರು. ಹಳೇ ಕಾಲದ ವಕೀಲರು ಯಾರಾದ್ರೂ ಬೀದೀಲಿದ್ರೆ ಹಳೇ ಲೆಕ್ಕ ಹೇಳ್ತಾರೆ, ನಂಬಬೇಡಿ.

ಆ ಮರದ ಕೆಳಗೆ ಕಾರ್ ನಿಲ್ಲಿಸೋರ ಕಷ್ಟ ನಿಜವಾದ್ದೇ, ವಾಸನೆನೂ ಇರುತ್ತೆ, ಗಂಡು ಬಾವಲಿ ಮೈಯಿಂದ ಒಂಥರಾ ಘಾಟು ಬರುತ್ತೆ, ಅವರನ್ನ ಬೈಯೋದು ಸರಿಯಲ್ಲ. ಕಡಿಸೋ ಲೆಟರ್ ಬದಲು ರಸ್ತೆ ಮೇಲೆ ತೀರಾ ಚಾಚಿರೋ ಒಂದೆರಡು ಕೊಂಬೆ ಮಾತ್ರ ಮಳೆಗಾಲ ಮುಗಿದ ಮೇಲೆ ಸವರಿಕೊಡಿ ಅಂತ ಪಾಲಿಕೆ ಅರಣ್ಯ ವಿಭಾಗಕ್ಕೆ ಅರ್ಜಿ ಕೊಡಿ, ಅದಕ್ಕೆ ಬೇಕಾದ್ರೆ ಮೊದಲ ಸೈನ್ ನಿಮ್ಮದೇ ಇರಲಿ. ಹಾಗೇ ಆ ಮರದ ಪಕ್ಕ ಕರೆಂಟ್ ತಂತಿ ಹೋಗಿದ್ರೆ ಬೆಸ್ಕಾಂ 1912ಕ್ಕೂ ಒಂದು ದೂರು ಕೊಡಿ, ಇಷ್ಟು ದೊಡ್ಡ ರೆಕ್ಕೆ ಒಟ್ಟಿಗೆ ಎರಡು ತಂತಿ ಮುಟ್ಟಿದ್ರೆ ಮುಗೀತು, ಸತ್ತ ಬಾವಲಿ ವಾರಗಟ್ಟಲೆ ತಂತೀಲೇ ನೇತಾಡೋದು ನೋಡಿರ್ತೀರಿ.

ಅತ್ತೆಯವರ ಶಾಂತಿ ವಿಷಯಕ್ಕೆ ನಾನು ತಲೆ ಹಾಕಲ್ಲ, ಅವರ ಸಮಾಧಾನಕ್ಕೆ ಮಾಡಿಸ್ಕೊಳ್ಳಲಿ, ಮರಕ್ಕೇನೂ ನಷ್ಟ ಇಲ್ಲ. ಆದ್ರೆ ಮತ್ತೆ ಒಳಗೆ ಬಂದ್ರೆ ಪೊರಕೆ ಬೀಸೋದು ಬೇಡ. ಮೊದಲು ಫ್ಯಾನ್ ಆಫ್ ಮಾಡಿ, ಒಳಗೆ ಬಂದ ಬಾವಲಿ ಸಾಯೋದು ಫ್ಯಾನ್ ಬ್ಲೇಡಿಗೆ ಬಡಿದೇ ಜಾಸ್ತಿ. ಮಗೂನ ಎತ್ಕೊಂಡು ಆಚೆ ಹೋಗಿ, ಒಳ ಬಾಗಿಲು ಹಾಕಿ, ಕಿಟಕಿ ಪೂರ್ತಿ ತೆಗೆದು ರೂಮಿನ ಲೈಟ್ ಆರಿಸಿ, ತಾನೇ ಹೋಗುತ್ತೆ. ತಲೆಕೂದಲಿಗೆ ಸಿಕ್ಕಾಕ್ಕೊಳ್ಳುತ್ತೆ ಅನ್ನೋದು ಕಥೆ, ನಿಮ್ಮ ತಲೆ ಹತ್ತಿರ ಹಾದುಹೋದ್ರೆ ಅದು ಸೊಳ್ಳೆಗೆ. ರಕ್ತ ಕುಡಿಯೋ ಬಾವಲಿ ಇರೋದು ಅಮೆರಿಕ ಖಂಡಗಳಲ್ಲಿ, ನಮ್ಮಲ್ಲಿಲ್ಲ.

ಬಿದ್ದಿರೋ, ಗಾಯ ಆಗಿರೋ ಬಾವಲಿ ಸಿಕ್ಕಿದ್ರೆ ಮಾತ್ರ ಬರಿಗೈಯಲ್ಲಿ ಮುಟ್ಟಬೇಡಿ, ಹೆದರಿದ್ರೆ ಕಚ್ಚುತ್ತೆ. ಮೇಲೊಂದು ತೂತಿರೋ ರಟ್ಟಿನ ಡಬ್ಬ ಮುಚ್ಚಿ ಪಾಲಿಕೆಯ 1533ಕ್ಕೋ ಅರಣ್ಯ ಇಲಾಖೆಯ 1926ಕ್ಕೋ ಫೋನ್ ಮಾಡಿ, ಕೆಂಗೇರಿ ಕಡೆ ಪೀಪಲ್ ಫಾರ್ ಅನಿಮಲ್ಸ್‌ನವರ ವನ್ಯಜೀವಿ ಆಸ್ಪತ್ರೆನೂ ಇದೆ. ಕಚ್ಚಿದ್ರೆ ಅಥವಾ ಪರಚಿದ್ರೆ ಸೋಪು ಹಾಕಿ ಹರಿಯೋ ನೀರಲ್ಲಿ 15 ನಿಮಿಷ ತೊಳೆದು ಅವತ್ತೇ ಡಾಕ್ಟರ್ ಹತ್ತಿರ ಹೋಗಿ, ರೇಬೀಸ್ ಇಂಜೆಕ್ಷನ್ ಬೇಕಾ ಬೇಡ್ವಾ ಅವರು ಹೇಳ್ತಾರೆ. ನಮ್ಮಲ್ಲಿ ರೇಬೀಸ್ ಬರೋದು ಬಹುಪಾಲು ನಾಯಿಯಿಂದ, ಆದ್ರೂ ಬಾವಲಿ ಕಚ್ಚಿದ್ದನ್ನ ಹಗುರವಾಗಿ ತಗೊಳ್ಳೋ ಹಾಗಿಲ್ಲ.

ಪೇಂಟ್ ಕೇಳಿದ್ರಲ್ಲ. ಈಗಲೇ ಹೊಡೆಸಬೇಡಿ, ದುಡ್ಡು ದಂಡ. ಮೊದಲು ಕೊಕ್ಕೆ ತೆಗೆಸಿ, ಬಲ್ಬು ಎರಡು ವಾರ ಉರೀಲಿ, ಆಮೇಲೂ ಎರಡು ವಾರ ಗೋಡೆಗೆ ಹೊಸ ಕಲೆ ಬೀಳ್ತಿಲ್ಲ ಅಂತ ಖಾತ್ರಿ ಮಾಡ್ಕೊಂಡು ದಸರಾ ಹೊತ್ತಿಗೆ ಹೊಡೆಸಿ. ಒರೆಸಿದ್ರೆ ಹೋಗೋ ತರದ ಪೇಂಟ್ ಕೇಳಿ. ಬಜೆಟ್ ಇದ್ರೆ ಆ ಒಂದು ಗೋಡೆಗೆ ಮಾತ್ರ ಸೀಲಿಂಗ್‌ವರೆಗೂ ಟೈಲ್ಸ್ ಹಾಕಿಸಿಬಿಡಿ, ಪೈಪ್ ಹಿಡಿದು ತೊಳೀಬಹುದು.